ಶಂಕಿತೆ, ಸೋಂಕಿತೆ ಅಲ್ಲ

ನಮ್ಮ ಬೀದಿಯಲ್ಲಿ ನನ್ನನ್ನು ಪರಿಚಯ ಮಾಡಿಕೊಡುವ ವಾಕ್ಯ ಒಂದೇ. "ನಿಪಾ ಬಂದು ಬದುಕ್ದೋಳು ಇವ್ಳೇ ನೋಡಿ." ಮದುವೆ ಮನೆಯಲ್ಲಾದರೂ ಅಷ್ಟೇ, ಹಾಲಿನ ಬೂತಿನ ಮುಂದಾದರೂ ಅಷ್ಟೇ. ಹೇಳುವವರ ದನಿಯಲ್ಲಿ ಅಕ್ಕರೆ ಇರುತ್ತದೆ, ಊರಿಗೆ ಸಿಕ್ಕ ಬಹುಮಾನವನ್ನು ತೋರಿಸುವಂಥ ಹೆಮ್ಮೆಯೂ ಇರುತ್ತದೆ. ಕೇಳಿಸಿಕೊಂಡವರು ಅರ್ಧ ಹೆಜ್ಜೆ ಹಿಂದೆ ಸರಿದು, ಸರಿದದ್ದಕ್ಕೆ ನಾಚಿ, ನನ್ನ ತಲೆ ಸವರಲು ಮುಂದೆ ಬರುತ್ತಾರೆ. ಕಥೆಯೇನೋ ಚೆನ್ನಾಗಿದೆ. ಆದರೆ ನನ್ನದೊಂದು ಆಕ್ಷೇಪ ಇದೆ. ನನಗೆ ನಿಪಾ ಬಂದಿರಲೇ ಇಲ್ಲ.

ನಾನು ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಈಗ ಅದನ್ನೇ ಬೇರೆಯವರ ಮಕ್ಕಳಿಗೆ ಕಲಿಸುತ್ತೇನೆ. ಮೊದಲ ತರಗತಿಯಲ್ಲಿ ಹೇಳುವ ಮಾತು ಇದು: ಪದಕ್ಕೆ ಏನರ್ಥ ಎಂದು ಎರಡೂ ಕಡೆಯವರು ಒಪ್ಪುವ ತನಕ ವಾದ ಶುರುವಾಗುವುದಿಲ್ಲ, ಬರೀ ಗಲಾಟೆ ಶುರುವಾಗುತ್ತದೆ. ನನ್ನ ಕಾಯಿಲೆಯ ವಿಷಯದಲ್ಲಿ ನಮ್ಮ ಬೀದಿಯಲ್ಲಿ ಆದದ್ದು ಅದೇ. ಒಂದು ಪದದಲ್ಲಿ ಒಂದು ಅಕ್ಷರ ಜಾರಿತು. ಜಾರಿದ್ದು ಎಲ್ಲಿಗೆ ಹೋಗಿ ನಿಂತಿತು ಎಂದು ಹೇಳುತ್ತೇನೆ.

ಬೀದಿಯವರನ್ನು ಸೋಲಿಸಲು ಇದನ್ನು ಬರೆಯುತ್ತಿಲ್ಲ. ಅವರಿಗೂ ನಾನು ಋಣಿಯೇ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, 'ಶಂಕಿತ', 'ಸಂಪರ್ಕ', 'ಹೈ ರಿಸ್ಕ್' ಎಂಬ ಪದಗಳನ್ನು ಫೋನಿನಲ್ಲಿ ಹುಡುಕುತ್ತಾ ಒಬ್ಬರೇ ನಡುಗುತ್ತಿರುವವರು ಯಾರಾದರೂ ಇದ್ದರೆ, ಇದು ಅವರಿಗೆ.

ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಹಿಂಬದಿ ಗೋಡೆ ಮುಗಿಯುವಲ್ಲಿ ನಮ್ಮ ಊರು ಶುರುವಾಗುತ್ತದೆ. ಅಪ್ಪ ಕೆಳಗಡೆ ನಮ್ಮ ಮನೆ ಉಳಿಸಿಕೊಂಡು ಮೇಲೆ ಬಾಡಿಗೆಗೆ ರೂಮು ಕಟ್ಟಿಸಿದ್ದಾರೆ. ಒಂದು ರೂಮಿನಲ್ಲಿ ರೇಣುಕಕ್ಕ ಇದ್ದಾರೆ. ಕೊಪ್ಪಳದ ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಗಂಡ ಹೊಸೂರಿನ ಸೈಟಿನಲ್ಲೇ ಉಳಿದು ಭಾನುವಾರ ಬರುತ್ತಾರೆ. ಮಗಳು ಭಾಗ್ಯಳಿಗೆ ಆಗ ನಾಲ್ಕು ವರ್ಷ. ಕಾಯಿಲೆ ಬೀಳುವ ತನಕ ನನಗೂ ರೇಣುಕಕ್ಕನಿಗೂ ಇದ್ದ ಮಾತು ನೀರಿನ ಮೋಟಾರಿನದು ಮಾತ್ರ. "ಟ್ಯಾಂಕ್ ಖಾಲಿ ಐತ್ರಿ" ಎಂದು ಮೇಲಿನಿಂದ ಅವರು, "ಹಾಕ್ದೆ ಅಕ್ಕಾ" ಎಂದು ಕೆಳಗಿನಿಂದ ನಾನು.

ಆ ತಿಂಗಳು ಉತ್ತರ ಕೇರಳದ ಒಂದು ಕಾಲೇಜಿಗೆ ತೀರ್ಪುಗಾರಳಾಗಿ ಹೋಗಿ ಬಂದಿದ್ದೆ. ಬಂದ ಮೇಲೆ, ಅದರ ಪಕ್ಕದ ಜಿಲ್ಲೆಯಲ್ಲಿ ಒಬ್ಬರಿಗೆ ನಿಪಾ ಎಂದು ಟಿವಿಯವರು ದಿನವಿಡೀ ಕೂಗಿದರು. ನಾನು ನಕ್ಕೆ. ಪಕ್ಕದ ಜಿಲ್ಲೆಯ ಒಬ್ಬ ರೋಗಿಗೂ ನನಗೂ ಏನು ಸಂಬಂಧ? ಈಗಲೂ ಆ ತರ್ಕ ತಪ್ಪೆಂದು ನಾನು ಒಪ್ಪುವುದಿಲ್ಲ. ಅಪ್ಪ ಅಮ್ಮ ಚಿಕ್ಕಮ್ಮನ ಗೃಹಪ್ರವೇಶಕ್ಕೆಂದು ಕೋಲಾರಕ್ಕೆ ಹೋಗಿ, ಅವರ ಸಾಮಾನು ಜೋಡಿಸಿಕೊಡಲು ಅಲ್ಲೇ ಉಳಿದಿದ್ದರು. ಜ್ವರ ಬಂದಾಗ ಫೋನಿನಲ್ಲಿ "ನೆಗಡಿ ಅಮ್ಮ" ಎಂದೆ. ತಲೆನೋವು ಹಣೆಯೊಳಗೆ ಯಾರೋ ಮೇಜು ಎಳೆದಾಡಿದ ಹಾಗಿತ್ತು ಎಂಬುದಷ್ಟು ನೆನಪಿದೆ. ಅಲ್ಲಿಂದ ಮುಂದೆ ನನ್ನ ಕಾಯಿಲೆಗೆ ನಾನೇ ಸಾಕ್ಷಿಯಲ್ಲ. ಹೇಳುವುದೆಲ್ಲ ಕೇಳಿದ್ದು.

ಮೋಟಾರು ಹಾಕಿದವಳು ಆರಿಸಿರಲಿಲ್ಲವಂತೆ. ಟ್ಯಾಂಕು ತುಂಬಿ ನೀರು ಮೆಟ್ಟಿಲ ಮೇಲೆ ಇಳಿಯುತ್ತಿತ್ತು. ಫ್ಯಾಕ್ಟರಿಗೆ ಹೊರಟಿದ್ದ ರೇಣುಕಕ್ಕ ಸೀರೆ ಎತ್ತಿಕೊಂಡು ಬೈಯುತ್ತಾ ಬಂದರು.

"ಚೈತ್ರಾ, ನೀರು ಹರದು ಹಳ್ಳ ಆಗೇತಿ, ಮೋಟಾರ್ ಬಂದ್ ಮಾಡವಾ!"

ನಾನು ಸ್ವಿಚ್ಚುಗಳ ಮುಂದೆ ನಿಂತಿದ್ದೆನಂತೆ. ತುಂಬ ಗಂಭೀರವಾಗಿ ಅವರನ್ನು ಕೇಳಿದೆನಂತೆ: "ಇದ್ರಲ್ಲಿ ಮಂಗಳವಾರ ಯಾವುದು?"

ಅವರು ನಕ್ಕರು. ನಗು ಮುಗಿಯುವ ಮೊದಲೇ ನಾನು ಬಿದ್ದೆ. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು, ಆಮೇಲೆ ವಾಂತಿ. ಅವರು ನನ್ನ ತಲೆಯನ್ನು ತೊಡೆಯ ಮೇಲಿಟ್ಟು ಪಕ್ಕಕ್ಕೆ ತಿರುಗಿಸಿ, ಸೆರಗಿನಿಂದ ಬಾಯಿ ಒರೆಸಿದರು. ಭಾಗ್ಯಳನ್ನು ಪಕ್ಕದ ರೂಮಿನವರ ಕೈಗೆ ಬಿಟ್ಟು, ಮುನಿರಾಜಣ್ಣನ ಆಟೋ ಕೂಗಿ, ನನ್ನನ್ನು ಹೆಗಲಿಗೆ ಒರಗಿಸಿಕೊಂಡು ಆಸ್ಪತ್ರೆಗೆ ಹೊರಟರು.

ಹತ್ತಿರದ ಖಾಸಗಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಡ್ಯೂಟಿ ಡಾಕ್ಟರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಇತ್ತೀಚೆಗೆ ಹೊರಗಡೆ ಎಲ್ಲಾದ್ರೂ ಹೋಗಿದ್ರಾ ಇವ್ರು?"

"ಆಕಿ ಅವ್ವಾರು ಹೇಳಿದ್ರು, ಕೇರಳಕ್ಕ ಹೋಗಿದ್ಲ್ರಿ. ಹೋದ ವಾರದ ಹಿಂದಿನ ವಾರ."

ಆ ಉತ್ತರ ಮುಗಿಯುವಷ್ಟರಲ್ಲಿ ನನ್ನ ಮಂಚದ ಸುತ್ತ ಜಾಗ ಖಾಲಿಯಾಯಿತಂತೆ. ಪರದೆ ಎಳೆದರು. ಯಾರೋ ದೂರದಿಂದಲೇ ರೇಣುಕಕ್ಕನಿಗೆ ಮಾಸ್ಕ್ ಕೊಟ್ಟು, "ಗೋಡೆ ಹತ್ರ ನಿಂತ್ಕೊಳಿ, ಏನೂ ಮುಟ್ಬೇಡಿ" ಎಂದರು. ಅವರನ್ನು ದೂರುವುದಿಲ್ಲ. ಹೆದರಿಕೆಯ ನಡುವೆಯೂ ಒಬ್ಬ ನರ್ಸ್ ನನ್ನ ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಕೊಟ್ಟೇ ಹೊರಗೆ ಹೋದರು. ಆಂಬುಲೆನ್ಸ್ ಬಂತು, ನನ್ನನ್ನು ಸರ್ಕಾರಿ ಆಸ್ಪತ್ರೆಯ ಐಸೊಲೇಷನ್ ವಾರ್ಡಿಗೆ ಸಾಗಿಸಿತು.

ರೇಣುಕಕ್ಕ ಗೋಡೆಯ ಹತ್ತಿರ ನಿಂತೇ ಇದ್ದರು. ಆರೋಗ್ಯ ಇಲಾಖೆಯವರೊಬ್ಬರು ಫೋನು ಮಾಡಿ ಒಂದೊಂದೇ ಕೇಳಿದರು. ಎಷ್ಟು ಹತ್ತಿರ ಇದ್ರಿ? ಎಷ್ಟು ಹೊತ್ತು ಇದ್ರಿ? ವಾಂತಿ, ಎಂಜಲು ಮೈಮೇಲೆ ಬಿತ್ತಾ?

"ಬಿತ್ರಿ."

"ಬರಿಗೈಲಿ ಮುಟ್ಟಿದ್ರಾ?"

"ಮತ್ತಿನ್ನೇನ್ರಿ? ಆಕಿ ಬಿದ್ದು ಒದ್ದಾಡಾಕತ್ತಿದ್ಲು, ನಾ ಗ್ಲೌಸ್ ಹುಡುಕ್ಕೋತ ಕುಂದ್ರಬೇಕಿತ್ತೇನು?"

ಫೋನಿನ ಆ ಕಡೆಯವರು ನಕ್ಕುಬಿಟ್ಟರಂತೆ. ನಕ್ಕು, ಆಮೇಲೆ ಬಹಳ ಮೆತ್ತಗೆ ಹೇಳಿದರಂತೆ: "ಅಕ್ಕಾ, ನೀವು ಹೈ ರಿಸ್ಕ್ ಸಂಪರ್ಕ. ರಿಪೋರ್ಟ್ ಬರೋವರೆಗೆ ರೂಮಿಂದ ಆಚೆ ಬರಂಗಿಲ್ಲ. ಮಗುನ ಮುಟ್ಟಂಗಿಲ್ಲ."

ಮುಂದಿನ ಸೀಟಿನಲ್ಲಿದ್ದು ನನ್ನನ್ನು ಮುಟ್ಟದೇ ಇದ್ದ ಮುನಿರಾಜಣ್ಣ ಲೋ ರಿಸ್ಕ್. ಕೋಲಾರದಲ್ಲಿದ್ದ ಅಪ್ಪ ಅಮ್ಮ ಯಾವ ಲೆಕ್ಕಕ್ಕೂ ಇಲ್ಲ. ನನ್ನ ರಕ್ತಸಂಬಂಧ ಪೂರ್ತಿ ಸೇಫು, ಮೇಲಿನ ರೂಮಿನ ರೇಣುಕಕ್ಕ ಮಾತ್ರ ಅಪಾಯದಲ್ಲಿ. ನನಗೆ ಮೊದಲು ಎಚ್ಚರವಾಗಿ, ಇದಿಷ್ಟು ತಲೆಗೆ ಹೋದ ಗಳಿಗೆಯಿಂದ ನನ್ನ ಭಯಕ್ಕೆ ಒಂದೇ ಆಕಾರ ಇತ್ತು. ನನಗೆ ಏನಾಗುತ್ತದೋ ಆಗಲಿ. ಆ ತಾಯಿಗೆ ನನ್ನಿಂದ ದಾಟಿದ್ದರೆ?

ನನ್ನ ಡಾಕ್ಟರ ಹೆಸರು ನಿವೇದಿತಾ. ಮುಖ ಕಾಣುತ್ತಿರಲಿಲ್ಲ. ಬಿಳಿ ಸೂಟಿನ ಎದೆಯ ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೇ ಹೆಸರು ಬರೆದುಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಒಂದು ನಗುವ ಮುಖ, ಅದರ ಒಂದು ಕಣ್ಣು ಯಾವಾಗಲೂ ದೊಡ್ಡದು. ಮೊದಲ ದಿನಗಳಲ್ಲಿ ನಾನು ಅವರನ್ನು ಏನೇನೋ ಕರೆದೆ. ಅವರು ಪೆನ್ನು ತೋರಿಸಿ "ಇದೇನು?" ಎಂದರೆ "ಬರೆಯೋ ಕಡ್ಡಿ" ಎಂದೆ. ಕೀ ತೋರಿಸಿದರೆ "ಬಾಗಿಲಿಂದು". ವಾಚು ತೋರಿಸಿದರೆ ಬಹಳ ಹೊತ್ತು ಯೋಚಿಸಿ "ಲೇಟು" ಎಂದೆ. ಜೀವಮಾನವಿಡೀ ಮಾತಿನಿಂದಲೇ ಗೆದ್ದವಳ ಬಾಯಿಂದ ನಾಮಪದಗಳು ಸಾಲುಸಾಲಾಗಿ ಎದ್ದು ಹೊರಟುಹೋಗಿದ್ದವು. ಕ್ರಿಯಾಪದಗಳು ಉಳಿದಿದ್ದವು. ಜಗಳವೂ ಉಳಿದಿತ್ತು.

"ನನಗೆ ಇರೋದು ನಿಪಾನಾ?" ಎಂದು ಕೇಳಿದೆ.

"ಗೊತ್ತಿಲ್ಲ. ಸದ್ಯಕ್ಕೆ ನೀವು ಸಸ್ಪೆಕ್ಟ್. ಶಂಕಿತೆ."

"ಅಂದ್ರೆ, ನಿಮಗೆ ಗೊತ್ತಿಲ್ಲ ಅನ್ನೋದಕ್ಕೆ ಇಟ್ಕೊಂಡಿರೋ ಹೆಸರು."

"ಕರೆಕ್ಟ್. ಗೊತ್ತಿಲ್ಲ ಅಂತ ಕೈಕಟ್ಟಿ ಕೂರಬಾರದು ಅನ್ನೋದಕ್ಕೂ ಅದೇ ಹೆಸರು."

ಚರ್ಚೆಯಲ್ಲಿ ಎದುರಾಳಿಗೆ ಅಂಕ ಕೊಡುವ ಅಭ್ಯಾಸ ನನಗೆ ಕಡಿಮೆ. ಅವತ್ತು ಕೊಟ್ಟೆ.

"ಡ್ರಿಪ್ನಲ್ಲಿ ಏನಿದೆ?"

"ನಿಮ್ಮ ಮೇಲೆ ನಮಗೆ ಎರಡು ಅನುಮಾನ ಇದೆ ಚೈತ್ರಾ. ಒಂದಕ್ಕೆ ಬಾಗಿಲು ಹಾಕಿದೀವಿ, ಇನ್ನೊಂದಕ್ಕೆ ಡ್ರಿಪ್ ಹಾಕಿದೀವಿ."

"ರಿಪೋರ್ಟ್ ಬರದೇನೇ? ಪುರಾವೆ ಇಲ್ದೆ ಔಷಧಿನಾ?"

"ಪುರಾವೆ ಬರೋವರೆಗೆ ಕಾಯೋಷ್ಟು ಟೈಮು ನಿಮ್ಮ ಮೆದುಳು ನಮಗೆ ಕೊಡ್ತಿಲ್ಲ. ಪುರಾವೆ ಬರ್ಲಿ, ಬೇಡ ಅಂದ್ರೆ ನಿಲ್ಲಿಸ್ತೀವಿ. ಆಕ್ಷೇಪ ಇದೆಯಾ?"

ಇರಲಿಲ್ಲ. ಇದ್ದರೂ ಅದಕ್ಕೆ ಬೇಕಾದ ಪದ ಸಿಗುತ್ತಿರಲಿಲ್ಲ.

ಆಮೇಲೆ, ನಿಜವಾಗಿ ಕೇಳಬೇಕಿದ್ದದ್ದನ್ನು ಕೇಳಿದೆ. ರೇಣುಕಕ್ಕನ ಹೆಸರು ಬರಲಿಲ್ಲ. ಬಾಯಿಗೆ ಬಂದದ್ದು "ಮೋಟಾರ್ ಅಕ್ಕ". ಡಾಕ್ಟರಿಗೆ ಹೇಗೋ ಅರ್ಥವಾಯಿತು.

"ನಿಮ್ಮನ್ನ ಕರ್ಕೊಂಡು ಬಂದವರಾ? ಅವರು ಹೈ ರಿಸ್ಕ್ ಕಾಂಟ್ಯಾಕ್ಟ್."

"ಹೈ ರಿಸ್ಕ್ ಅಂದ್ರೆ, ಅವರಿಗೆ ಬಂದೇ ಬರತ್ತೆ ಅಂತಾನಾ?"

"ಅಲ್ಲಪ್ಪ. ಸರಿಯಾಗಿ ಕೇಳಿಸ್ಕೊಳಿ. ನಿಮಗೆ ಇರೋದು ನಿಪಾನೇ ಆಗಿದ್ರೆ, ಅದು ಅವರಿಗೆ ದಾಟಿದ್ರೆ, ಆಗ. ಎರಡು 'ರೆ' ದಾಟ್ಬೇಕು ಅದು. ಮೊದಲನೇ 'ರೆ'ಗೇ ಇನ್ನೂ ಉತ್ತರ ಬಂದಿಲ್ಲ. ಅಲ್ಲೀವರೆಗೆ ಅವರು ಆರೋಗ್ಯವಾಗಿರೋ ಹೆಂಗಸು. ಅಷ್ಟೇ."

ಎರಡು 'ರೆ'. ಆ ವಾರ್ಡಿನಲ್ಲಿ ನಾನು ಹಿಡಿದುಕೊಂಡು ಮಲಗಿದ್ದು ಅದನ್ನೇ. ನಮ್ಮ ಭಾಷೆಯಲ್ಲಿ ಅಪಾಯ ಎಷ್ಟು ಚಿಕ್ಕ ಜಾಗದಲ್ಲಿ ಕೂತಿದೆ ನೋಡಿ. ಕ್ರಿಯಾಪದದ ಬಾಲದಲ್ಲಿ ಒಂದಕ್ಷರ. ಅದನ್ನು ಕತ್ತರಿಸಿಬಿಟ್ಟರೆ 'ದಾಟಿದ್ರೆ' ಎಂಬುದು 'ದಾಟಿದೆ' ಆಗುತ್ತದೆ. ಒಡ್ಡಿಕೊಳ್ಳುವುದು ಬೇರೆ, ತಗುಲುವುದು ಬೇರೆ, ಕಾಯಿಲೆ ಬೀಳುವುದು ಬೇರೆ. ಮೂರರ ನಡುವೆ ಮೂರು ಊರಿನಷ್ಟು ದೂರ. ಹೆದರಿದ ಬಾಯಿ ಮೂರನ್ನೂ ಒಂದೇ ಉಸಿರಿನಲ್ಲಿ ದಾಟಿಬಿಡುತ್ತದೆ.

ನಮ್ಮ ಬೀದಿ ಹೇಗೆ ದಾಟಿತು ಎಂಬುದನ್ನು ಅಮ್ಮನೂ ಜಯಮ್ಮತ್ತೆಯೂ ಜಗಳವಾಡುತ್ತಾ ನನಗೆ ಹೇಳಿದ್ದಾರೆ. ಜಯಮ್ಮತ್ತೆ ಅಪ್ಪನ ತಂಗಿ, ಎದುರು ಮನೆ.

ಅಪ್ಪ ಅಮ್ಮ ಕೋಲಾರದಿಂದ ನೇರ ಆಸ್ಪತ್ರೆಗೆ ಬಂದಿದ್ದರು. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಕೂತು, ಕೊನೆಗೆ ಸಿಬ್ಬಂದಿಯೇ "ಮನೆಗೋಗಿ ಅಮ್ಮ, ಏನಿದ್ರೂ ಫೋನ್ ಮಾಡ್ತೀವಿ" ಎಂದು ಒಪ್ಪಿಸಿ ಕಳಿಸಿದರು. ಮನೆಗೆ ಬಂದ ಅಮ್ಮ ಮೊದಲು ಮಾಡಿದ ಕೆಲಸ, ಪಕ್ಕದ ರೂಮಿನವರಿಂದ ಭಾಗ್ಯಳನ್ನು ಇಸಿದುಕೊಂಡು ಒಳಗೆ ಕರೆತಂದದ್ದು. ಆರೋಗ್ಯ ಕಾರ್ಯಕರ್ತೆ ಗೇಟಿನ ಹತ್ತಿರ ಬಂದಾಗ ಕೇಳಿದ ಮೊದಲ ಪ್ರಶ್ನೆಯೂ ಅದೇ: "ಈ ಮಗೂನ ನಾನ್ ಇಟ್ಕಬೋದಾ?"

"ಇಟ್ಕೊಳಿ ಅಮ್ಮ. ಅವಳಿಗೆ ಜ್ವರ ಬಂದ್ರೆ ತಕ್ಷಣ ಹೇಳಿ. ಮತ್ತೆ ನೋಡಿ, ನಿಮ್ಮ ಮಗಳು ಸದ್ಯಕ್ಕೆ ಶಂಕಿತೆ ಅಷ್ಟೇ, ಸೋಂಕಿತೆ ಅಲ್ಲ. ಯಾರು ಕೇಳಿದ್ರೂ ಹಾಗೇ ಹೇಳಿ."

ಅಮ್ಮ ವಿಧೇಯಳಾಗಿ ಹಾಗೇ ಹೇಳಿದಳು. ಆದರೆ ಅಮ್ಮನ ಬಾಯಲ್ಲಿ ಶಕಾರ ಇಲ್ಲ. ನಮ್ಮ ಕಡೆ ಯಾರ ಬಾಯಲ್ಲೂ ಇಲ್ಲ. ಶನಿವಾರ ಸನ್ವಾರ, ಶಂಕರ ಸಂಕರ. ಜಯಮ್ಮತ್ತೆ ರಸ್ತೆಯ ಆಚೆಯಿಂದ "ಏನಂತೆ ಅತ್ಗೆ?" ಎಂದು ಕೂಗಿದಾಗ, ಅಮ್ಮ ಮಾಸ್ಕಿನೊಳಗಿಂದ, ಅಳು ನುಂಗಿಕೊಂಡು, ಉತ್ತರ ಕೊಟ್ಟಳು:

"ಸಂಕಿತೆ ಅಂತೆ ಕಣಮ್ಮಾ."

ರಸ್ತೆಯಲ್ಲಿ ಕಂಪನಿ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತಂತೆ. ಜಯಮ್ಮತ್ತೆಗೆ ಕೇಳಿಸಿದ್ದು ಸೋಂಕಿತೆ. ಅವರು ಬೀದಿಯ ವಾಟ್ಸಾಪ್ ಗುಂಪಿಗೆ ಅಳುತ್ತಾ ಒಂದು ವಾಯ್ಸ್ ಮೆಸೇಜ್ ಕಳಿಸಿದರು: "ನಮ್ ಚೈತ್ರ ಸೋಂಕಿತೆ ಅಂತೆ ಕಣ್ರಪ್ಪೋ. ಎಲ್ರೂ ದೇವ್ರಿಗೊಂದು ಕೈ ಮುಗೀರಿ." ಅದು ನನ್ನ ಮೇಲಿನ ಪ್ರೀತಿಯಿಂದ ಹುಟ್ಟಿದ ಸುಳ್ಳು. ಸುಳ್ಳು ಎಂದೂ ದಾಖಲಾಗಲಿ, ಪ್ರೀತಿ ಎಂದೂ ದಾಖಲಾಗಲಿ.

ಮಧ್ಯಾಹ್ನದ ಹೊತ್ತಿಗೆ ಹಾಲಿನವನು ಪ್ಯಾಕೆಟ್ಟನ್ನು ಬೀದಿಯ ಮೂಲೆಯಲ್ಲಿಟ್ಟು ಹೋದ. ನೀರಿನ ಕ್ಯಾನಿನವನು ಫೋನೇ ಎತ್ತಲಿಲ್ಲ. ಸುದ್ದಿ ಫ್ಯಾಕ್ಟರಿಗೂ ಮುಟ್ಟಿ, ರೇಣುಕಕ್ಕನ ಸೂಪರ್‌ವೈಸರ್ ಇನ್ನು ಬರುವುದೇ ಬೇಡ ಎಂದುಬಿಟ್ಟ. ಸಂಜೆ ನಾಲ್ಕು ಜನ ನಮ್ಮ ಗೇಟಿನಿಂದ ದೂರ ನಿಂತು ಅಪ್ಪನಿಗೆ ಹೇಳಿದರು: ಮಗಳಿಗೆ ಸೋಂಕು ಆಗಿದೆ, ಮೇಲಿರುವವಳು ಅವಳನ್ನು ಎತ್ತಿಕೊಂಡು ಹೋಗಿದ್ದಾಳೆ, ಅಂದ ಮೇಲೆ ಅವಳಿಗೂ ಆಗಿದೆ. ಅವಳನ್ನು ಬೀದಿಯಿಂದ ಕಳಿಸಿ. ಎರಡು 'ರೆ'ಗಳನ್ನೂ ಹೀಗೆ ಹಾರಿ ದಾಟಲಾಯಿತು.

ಅಮ್ಮ ಬಾಗಿಲು ತೆಗೆದುಕೊಂಡು ಹೊರಗೆ ಬಂದಳು.

"ಸೋಂಕಿತೆ ಅಲ್ಲ ಕಣ್ರಪ್ಪಾ, ಸಂಕಿತೆ!"

"ಅದೇ ಅಲ್ವೇನಮ್ಮ ನಾವೂ ಏಳ್ತಿರಾದು?"

"ಅಲ್ಲ! ಸೋಂಕಿತೆ ಬ್ಯಾರೆ, ಸಂಕಿತೆ ಬ್ಯಾರೆ!"

ಜನ ಮುಖ ಮುಖ ನೋಡಿಕೊಂಡರು. ದಿನಾ ಪೇಪರ್ ಓದುವ ಒಬ್ಬ ಹಿರಿಯರಿಗೆ ಹೊಳೆಯಿತು. "ಇರ್ರೋ. ಸಂಕಿತ ಅಂದ್ರೆ ಪೇಪರ್ನಾಗೆ ಬಾಂಬ್ ಇಕ್ದೋರ್ಗಲ್ವಾ ಬರೆಯಾದು? ಉಡುಗಿ ಏನ್ ಮಾಡವ್ಳಮ್ಮಾ?"

ಅಮ್ಮ ಆ ಪದವನ್ನೇ ಅಲ್ಲಿ ಬಿಸಾಡಿದಳು. "ಅನ್ಮಾನ! ಬರೀ ಅನ್ಮಾನ ಕಣ್ರಪ್ಪಾ ನನ್ ಮಗ್ಳಿಗೆ!"

ಎದುರು ಜಗಲಿಯಿಂದ ಜಯಮ್ಮತ್ತೆ, ಅಳುವಿನ ಮಧ್ಯದಲ್ಲೇ, ತಡೆಯಲಾರದೆ ಹೇಳಿದರು: "ಅನ್ಮಾನದ ಕಾಯ್ಲೆ ನಿನ್ ಮಗ್ಳಿಗೆ ಉಟ್ಟಿದಾಗ್ಲಿಂದ ಐತಲ್ಲ ಅತ್ಗೆ. ಅದ್ಕೆ ಈಗ್ಯಾಕ್ ಆಸ್ಪತ್ರೆಗೆ ಆಕವ್ರೆ?"

ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಆ ನಗು ಮುಗಿಯುವುದರೊಳಗೆ ಅಮ್ಮ ಮೇಲಿನ ರೂಮಿನತ್ತ ಕೈ ಮಾಡಿದಳು. ಕಿಟಕಿಯ ಕಂಬಿಯ ಹಿಂದೆ ರೇಣುಕಕ್ಕ ಎಲ್ಲ ಕೇಳಿಸಿಕೊಳ್ಳುತ್ತಾ ನಿಂತಿದ್ದರು. "ಆ ಎಣ್ಣು ನನ್ ಮಗ್ಳನ್ನ ಎತ್ಕಂಡೋಗವ್ಳೆ. ಅವ್ಳನ್ನ ಕಳಿಸ್ಬೇಕು ಅನ್ನೋರು ಮೊದ್ಲು ನನ್ನ ಕಳಿಸ್ರಿ."

ಬಾಡಿಗೆಯವರು ಗೋಡೆಗೆ ಮೊಳೆ ಹೊಡೆದರೂ ಮುಖ ಗಂಟಿಕ್ಕುತ್ತಿದ್ದ ನನ್ನ ಅಮ್ಮ ಇವಳು. ಅವತ್ತು ಊಟದ ಹೊತ್ತಿಗೆ ನಮ್ಮ ಗೇಟಿನ ಕಂಬದ ಮೇಲೆ ಎರಡು ಡಬ್ಬಿ ಇದ್ದವು, ಮುದ್ದೆ ಮತ್ತು ಉಪ್ಸಾರು. ಜಯಮ್ಮತ್ತೆ ರಸ್ತೆಯಾಚೆಯಿಂದ ಕೂಗಿದರು: "ಒಂದು ಮೇಲ್ಗಡೆಯೋಳ್ಗೆ!"

ಅಲ್ಲಿಂದ ಮುಂದೆ ಊಟ ನಡೆದದ್ದು ಹೀಗೆ. ಮೇಲೆ ಕಂಬಿಯ ಹಿಂದೆ ರೇಣುಕಕ್ಕ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದರು. ಕೆಳಗೆ ಅಂಗಳದಲ್ಲಿ ಭಾಗ್ಯ ಕತ್ತು ಎತ್ತಿ ಕೂರುತ್ತಿದ್ದಳು. ಅವ್ವ ಒಂದು ತುತ್ತು ತಿಂದರೆ ಮಾತ್ರ ಮಗಳು ಒಂದು ತುತ್ತು ತಿನ್ನುವುದು. ರೇಣುಕಕ್ಕನಿಗೆ ಅನ್ನ ಇಳಿಯುತ್ತಿರಲಿಲ್ಲ, ಆದರೂ ಮಗಳಿಗಾಗಿ ತಟ್ಟೆ ಖಾಲಿ ಮಾಡುತ್ತಿದ್ದರು ಎಂದು ಅಮ್ಮ ಹೇಳುತ್ತಾಳೆ. ಆರೋಗ್ಯ ಇಲಾಖೆಯವರು ದಿನಾ ಫೋನಿನಲ್ಲಿ ಜ್ವರ ಇದೆಯಾ ಎಂದು ವಿಚಾರಿಸುತ್ತಿದ್ದರು. ಒಂದು ದಿನ ರೇಣುಕಕ್ಕನಿಗೆ ಮೈ ಬಿಸಿ ಅನ್ನಿಸಿತು. ಥರ್ಮಾಮೀಟರು ಇಲ್ಲ ಎಂದಿತು. ಮತ್ತೆ ಇಟ್ಟರು, ಮತ್ತೆ ಇಲ್ಲ ಎಂದಿತು. ಮಧ್ಯಾಹ್ನದ ಬಿಸಿಲಿಗೆ ಶೀಟಿನ ರೂಮು ಕಾದಿತ್ತು, ಅಷ್ಟೇ. ಆ ದಿನದ ಬಗ್ಗೆ ಅವರು ನನಗೆ ಇಂದಿಗೂ ಒಂದು ಮಾತು ಹೇಳಿಲ್ಲ. ಅಮ್ಮನಿಂದ ಗೊತ್ತಾಯಿತು.

ಮೊದಲ ಸ್ಯಾಂಪಲ್ಲು ನೆಗೆಟಿವ್ ಬಂತು. ಇನ್ನೊಂದಕ್ಕೂ ಕಾಯಬೇಕು ಎಂದರು. ಕಾಯುವುದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ವಾರ್ಡು ಗುಡಿಸಲು ಬರುತ್ತಿದ್ದ ಹೆಂಗಸು ಪ್ರತಿ ದಿನ ನನ್ನ ಕಿಟಕಿಯ ಗಾಜನ್ನು ಎರಡು ಸಲ ಒರೆಸುತ್ತಿದ್ದರು. ಯಾಕೆ ಎಂದು ಕೇಳಿದೆ. "ನಿಂಗೆ ನೋಡಾಕಿರೋದು ಅದೊಂದೇ ಅಲ್ವಾ ಕಣಮ್ಮಾ" ಎಂದರು. ಕಿಟಕಿಯಾಚೆ ಇದ್ದದ್ದು ಒಂದು ನೀರಿನ ಟ್ಯಾಂಕು.

ಒಂದು ಬೆಳಿಗ್ಗೆ ಡಾಕ್ಟರ್ ನಿವೇದಿತಾ ಸೂಟಿಲ್ಲದೆ, ಬರೀ ಮಾಸ್ಕ್ ಹಾಕಿಕೊಂಡು ಒಳಗೆ ಬಂದರು. ಹಣೆ, ಕಣ್ಣು, ಬೆವರಿಗೆ ಅಂಟಿಕೊಂಡ ಕೂದಲು. ನನಗೆ ಅರ್ಥವಾಗಿಹೋಯಿತು.

"ಮೋಟಾರ್ ಅಕ್ಕನಿಗೆ ಹೇಳಿದ್ರಾ?" ಎಂದೆ.

"ಮೊದ್ಲು ಅವರಿಗೇ ಫೋನ್ ಹೋಗಿದ್ದು. ನಿಮಗೆ ಎರಡನೇದು. ಬೇಜಾರಿಲ್ಲ ತಾನೇ?"

ನಾನು ಅತ್ತೆ. ಅದೇ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ರೇಣುಕಕ್ಕ ಮೆಟ್ಟಿಲಿಳಿದು ಬಂದಿದ್ದರಂತೆ. ಭಾಗ್ಯ ಓಡಿಹೋಗಿ ಅಪ್ಪಿಕೊಳ್ಳಲಿಲ್ಲವಂತೆ. ಅಮ್ಮನ ಸೀರೆಯ ಹಿಂದೆ ಅವಿತುಕೊಂಡು, "ಮುಟ್ಟಬೌದಾ?" ಎಂದು ಕೇಳಿದಳಂತೆ.

ನಿಪಾ ಅಲ್ಲ. ಹಾಗಾದರೆ ಏನು? ಅವರ ಎರಡನೆಯ ಅನುಮಾನವೇ ನಿಜವಾಗಿತ್ತು. ಹರ್ಪಿಸ್ ವೈರಸ್ಸು ಮೆದುಳಿಗೆ ಏರಿತ್ತು. ಇಲ್ಲಿ ಇನ್ನೊಂದು ಪದ ತೊಂದರೆ ಕೊಟ್ಟಿತು. ಚಿಕ್ಕಮ್ಮನ ಮಗ ಆ ಹೆಸರನ್ನು ಗೂಗಲ್ ಮಾಡಿ, ಲೈಂಗಿಕ ರೋಗ ಎಂದು ಓದಿ ಕೆಂಪಗಾಗಿ, ಫೋನನ್ನು ಕವುಚಿಟ್ಟ. ಡಾಕ್ಟರೇ ಎಲ್ಲರನ್ನೂ ಕೂರಿಸಿ, ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳಿಸುವ ಸಾಮಾನ್ಯ ವೈರಸ್ಸೇ ಅಪರೂಪಕ್ಕೆ ಹೀಗೂ ಮಾಡುತ್ತದೆ ಎಂದು ಬಿಡಿಸಿ ಹೇಳಿದರು. "ತುಟಿ ಗುಳ್ಳೆ ತಲೆಗೇರ್ತಾ? ಮಾತು ಜಾಸ್ತಿ ಆಡಿದ್ರೆ ಇನ್ನೇನಾಗ್ತದೆ" ಎಂದು ಜಯಮ್ಮತ್ತೆ ತೀರ್ಪು ಕೊಟ್ಟರು.

ಆ ಡ್ರಿಪ್ಪು ಮೊದಲ ದಿನದಿಂದಲೇ ನನ್ನ ನರದಲ್ಲಿ ಹರಿಯುತ್ತಿತ್ತಲ್ಲ, ಅದರಿಂದ ಉಳಿದೆ. ಪುರಾವೆಗಾಗಿ ಕಾದಿದ್ದರೆ ಎಷ್ಟು ಉಳಿಯುತ್ತಿದ್ದೆನೋ ಗೊತ್ತಿಲ್ಲ ಎಂದು ಡಾಕ್ಟರು ಹೇಳಿದರು. ಪುರಾವೆ ಇಲ್ಲದೆ ಏನನ್ನೂ ಒಪ್ಪಬೇಡಿ ಎಂದು ಮಕ್ಕಳಿಗೆ ಕಲಿಸುವವಳು ನಾನು. ಈಗಲೂ ಅದನ್ನೇ ಕಲಿಸುತ್ತೇನೆ. ಒಪ್ಪುವುದಕ್ಕೆ ಪುರಾವೆ ಬೇಕು, ಕೈ ಚಾಚುವುದಕ್ಕೆ ಅನುಮಾನವೇ ಸಾಕು ಎಂಬುದೊಂದನ್ನು ಸೇರಿಸಿಕೊಂಡಿದ್ದೇನೆ.

ಪೂರ್ತಿ ಗುಣವಾಗಿದ್ದೇನೆ ಎಂದರೆ ಸುಳ್ಳು. ಫಿಟ್ಸ್ ಮಾತ್ರೆ ನುಂಗುತ್ತೇನೆ. ಸ್ಕೂಟರ್ ಓಡಿಸುವಂತಿಲ್ಲ. ಹೆಸರುಗಳು ಕೆಲವು ವಾಪಸ್ಸು ಬಂದವು, ಕೆಲವು ಬರುವ ಸೂಚನೆಯಿಲ್ಲ. ತರಗತಿಯಲ್ಲಿ ಪದ ಸಿಗದಿದ್ದಾಗ ಅದನ್ನು ವರ್ಣಿಸುತ್ತೇನೆ, ಮಕ್ಕಳು ಕೈ ಎತ್ತಿ ಊಹಿಸುತ್ತಾರೆ. ಮೊದಲು ನಾಚಿಕೆಯಾಗುತ್ತಿತ್ತು. ಈಗ ಅದು ತರಗತಿಯ ಅತಿ ಗದ್ದಲದ ಆಟ. ರೇಣುಕಕ್ಕನಿಗೆ ಬೇರೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಯ ಮಹಡಿ ಗಾಳಿ ಬೆಳಕಿನದು ಎನ್ನುತ್ತಾರೆ. ಭಾಗ್ಯ ಮಧ್ಯಾಹ್ನ ನಮ್ಮಲ್ಲೇ ಉಣ್ಣುತ್ತಾಳೆ, ನಮ್ಮಲ್ಲೇ ಮಲಗುತ್ತಾಳೆ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಸ್ಕೂಟರ್ ಇಲ್ಲದ್ದರಿಂದ ಈಗ ಮುನಿರಾಜಣ್ಣನ ಆಟೋದಲ್ಲಿ ಓಡಾಡುತ್ತೇನೆ. ಹೋದ ವಾರ ಸಿಗ್ನಲ್ಲಿನಲ್ಲಿ ನಿಂತಾಗ ಅವರು ಹಳೆಯದನ್ನು ತೆಗೆದರು.

"ನಾನು ಲೋ ರಿಸ್ಕು ಅಂತ ಅವ್ರೇ ಫೋನ್ ಮಾಡಿ ಹೇಳಿದ್ರು ಮೇಡಂ. ನಮ್ಮನೆಯವ್ಳು ಒಪ್ಪಬೇಕಲ್ಲ. ಅಷ್ಟೂ ದಿನ ಆಟೋದಲ್ಲೇ ಮಲಗಿಸಿದ್ಳು."

ನಾನು ನಕ್ಕೆ. ಅವರು ನಗಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ನಿಮಗೆ ನಿಜವಾಗ್ಲೂ ನೆನಪಿಲ್ವಾ? ದಾರಿಯುದ್ದಕ್ಕೂ ನೀವೇ ಬಡ್ಕೊಂಡ್ರಲ್ಲ ಮೇಡಂ. 'ಮುಟ್ಬೇಡ, ನಿಪಾ, ಮುಟ್ಬೇಡ' ಅಂತ. ಟಿವಿ ನೋಡಿ ತಲೇಲಿ ಕೂತಿತ್ತೇನೋ. ನಂಗಂತೂ ಎದೆ ಧಸಕ್ ಅಂತು, ಇಲ್ಲೇ ಇಳಿಸಿಬಿಡೋಣ ಅಂದ್ಕೊಂಡೆ."

"ರೇಣುಕಕ್ಕ ಏನಂದ್ರು?"

"ಏನೂ ಅನ್ಲಿಲ್ಲ. ನಿಮ್ಮ ಬಾಯಿ ಒರೆಸ್ತಾ ಇದ್ರು. ಮಿರರ್ನಲ್ಲಿ ನೋಡ್ದೆ."

ಅಂದಿನಿಂದ ನಾನು ಎರಡೂ ಕಡೆಯಿಂದ ವಾದಿಸುತ್ತಿದ್ದೇನೆ. ಒಂದು ವಾದ, ರೇಣುಕಕ್ಕನಿಗೆ ಕೇಳಿಸಿರಲಿಲ್ಲ: ಆಟೋದ ಸದ್ದು, ಹೊಸೂರು ರಸ್ತೆಯ ಲಾರಿಗಳು, ನನ್ನ ತೊದಲು. ಹಾಗಿದ್ದರೆ ನಾನು ಅವರಿಗೆ ಕೃತಜ್ಞಳು, ಅದನ್ನು ಹೇಳಲು ಪದಗಳಿವೆ. ಇನ್ನೊಂದು, ಅವರಿಗೆ ಕೇಳಿಸಿತ್ತು: ಮುಂದಿನ ಸೀಟಿನವರಿಗೆ ಕೇಳಿದ್ದು ಹೆಗಲಿಗೆ ಒರಗಿದವಳ ಬಾಯಿಂದ ಕಿವಿಗೆ ಬೀಳದೇ ಇರುತ್ತದೆಯೇ? ಆ ವಾರ ಪ್ರತಿ ಮನೆಯ ಟಿವಿಯೂ ಆ ಹೆಸರನ್ನೇ ಕೂಗುತ್ತಿತ್ತು. ಹಾಗಿದ್ದರೆ, ಮನೆಯಲ್ಲಿ ನಾಲ್ಕು ವರ್ಷದ ಮಗಳನ್ನು ಬಿಟ್ಟು ಬಂದ ತಾಯಿ, ಅದು ಏನೆಂದು ಗೊತ್ತಿದ್ದೂ ಕೈ ಬಿಡಲಿಲ್ಲ. ಅದಕ್ಕೆ ಹೇಳಬೇಕಾದ ಪದ ನನ್ನಲ್ಲಿಲ್ಲ. ಇದು ಕಾಯಿಲೆ ಒಯ್ದ ಪದಗಳ ಪೈಕಿ ಅಲ್ಲ. ಮೊದಲೂ ಇರಲಿಲ್ಲ.

ನಿನ್ನೆ ಭಾನುವಾರ. ರೇಣುಕಕ್ಕ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದರು. ನಾನು ಬಕೆಟ್ಟಿನಿಂದ ಒಂದೊಂದೇ ಹಿಂಡಿ ಕೊಡುತ್ತಿದ್ದೆ. ಭಾಗ್ಯಳ ಲಂಗ, ಅವರ ಸೀರೆ. ಒದ್ದೆ ಸೀರೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವರ ಮುಖ ಸೀರೆಯ ಆಚೆಗಿತ್ತು. ಕೇಳಿಬಿಟ್ಟೆ.

"ರೇಣುಕಕ್ಕಾ, ಅವತ್ತು ಆಟೋದಲ್ಲಿ ನಾನು 'ಮುಟ್ಟಬೇಡ' ಅಂದದ್ದು ನಿಮಗೆ ಕೇಳಿಸಿತ್ತಾ?"